ನೀಲಿಗಾಗಿ ಕಾದ ಗಾಡಿ

ಸುಣ್ಣದ ವಿಷಯದಲ್ಲಿ ಖಂಡೆಪ್ಪನಿಗೆ ಬುದ್ಧಿ ಹೇಳುವ ಗಂಡಸು ವಾಡಿ, ಶಹಾಬಾದ್, ಚಿತ್ತಾಪುರ ಮೂರೂ ಕಡೆ ಇನ್ನೂ ಹುಟ್ಟಿರಲಿಲ್ಲ. ಇದು ಊರವರ ಮಾತಲ್ಲ, ಖಂಡೆಪ್ಪನದೇ ಮಾತು. ಆದರೆ ಊರವರೂ ಅದನ್ನು ಅಲ್ಲ ಅನ್ನುತ್ತಿರಲಿಲ್ಲ. ಗಚ್ಚಿನಹಾಳದ ಪಕ್ಕದ ಕಲ್ಲುಗಣಿಯಲ್ಲಿ ಉಳಿದ ಚೂರುಗಳನ್ನು ತಂದು ಭಟ್ಟಿಯಲ್ಲಿ ಸುಡುವುದು, ಸುಟ್ಟ ಕಲ್ಲಿಗೆ ನೀರು ಹಾಕಿ ಅರಳಿಸುವುದು, ಅರಳಿದ ಸುಣ್ಣವನ್ನು ತೊಟ್ಟಿಯಲ್ಲಿ ದಿನಗಟ್ಟಲೆ ನೆನೆಹಾಕಿ ಮಾಗಿಸುವುದು ಅವನ ಮನೆತನದ ಕಸುಬು. ಮಾಗಿದೆಯೋ ಇಲ್ಲವೋ ನೋಡಲು ಅವನು ಒಂದು ಚೂರನ್ನು ಎರಡು ಬೆರಳ ನಡುವೆ ಉಜ್ಜುತ್ತಿದ್ದ. ಬೆಣ್ಣೆಯ ಹಾಗೆ ಜಾರಿದರೆ ಸರಿ, ಇಲ್ಲದಿದ್ದರೆ ಗಿರಾಕಿ ಬಾಗಿಲಲ್ಲಿ ನಿಂತು ಕೈಮುಗಿದರೂ ಕೊಡುತ್ತಿರಲಿಲ್ಲ.

ಅಂಥವನ ಕೈಗೆ ಸರ್ಕಾರ ಊರ ಬಾವಿಯ ಔಷಧ ಕೊಟ್ಟಿತು.

ಆಗ ಪೊಲೀಸ್ ಆ್ಯಕ್ಷನ್ ಆಗಿ ಐದನೆಯ ಬೇಸಿಗೆ. ಕಾಗಿಣಾ ಹೊಳೆದಂಡೆಯ ಒಂದೆರಡು ಹಳ್ಳಿಗಳಲ್ಲಿ ವಾಂತಿಭೇದಿ ಕಾಣಿಸಿಕೊಂಡಿದೆ ಎಂಬ ಸುದ್ದಿ ಬಂದ ಮೂರನೆಯ ದಿನವೇ ಚಿತ್ತಾಪುರದಿಂದ ಸಫಾಯಿ ದಾರೋಗಾ ಫಕೀರಸಾಬ ಸೈಕಲ್ ಏರಿ ಬಂದಿದ್ದ. ಊರೂರು ತಿರುಗಿ ಬಾವಿಗಳನ್ನು ನೋಡಿ ಔಷಧ ಹಾಕಿಸುವುದು ಅವನ ನೌಕರಿ. ಗಚ್ಚಿನಹಾಳದಲ್ಲಿ ಎರಡು ಬಾವಿ. ಮೆಟ್ಟಿಲಬಾವಿಯ ನೀರು ಎಮ್ಮೆ ಎತ್ತುಗಳಿಗೆ, ಬಟ್ಟೆ ಒಗೆಯುವುದಕ್ಕೆ, ದೊಡ್ಡಬಾವಿಯದು ಕುಡಿಯುವುದಕ್ಕೆ. ಫಕೀರಸಾಬ ದೊಡ್ಡಬಾವಿಯ ಕಟ್ಟೆಯ ಮೇಲೆ ಒಂದು ತಗಡಿನ ಡಬ್ಬಿ ಇಟ್ಟು, ಈ ಕೆಲಸಕ್ಕೆ ಊರಲ್ಲಿ ಜವಾಬ್ದಾರಿಯ ಮನುಷ್ಯ ಯಾರು ಎಂದು ಕೇಳಿದ. ಡಬ್ಬಿಯಲ್ಲಿದ್ದ ಬಿಳಿ ಪುಡಿಯನ್ನು ನೋಡಿದ ಕೂಡಲೇ ಎಲ್ಲರ ಕಣ್ಣು ಖಂಡೆಪ್ಪನ ಕಡೆ ತಿರುಗಿತು.

"ಅರ್ಧ ಈಗ ಹಾಕು, ಉಳಿದರ್ಧ ಎಂಟು ದಿನ ಬಿಟ್ಟು ಹಾಕು," ಎಂದ ಫಕೀರಸಾಬ. "ಬಕೀಟಿನಾಗ ಕಲಸು, ಗಸಿ ಕೆಳಗ ಕುಂದರ್ಲಿ, ಮ್ಯಾಲಿನ ತಿಳಿನೀರು ಬಾವಿಗಿ ಬಿಡು. ಡಬ್ಬಿ ಮುಚ್ಚಳ ಮಾತ್ರ ಬಿಗಿ ಇರ್ಬೇಕು. ದವಾ ಬೀಳೂತನ ಎಲ್ಲಾರೂ ನೀರು ಕುದಿಸಿ ಕುಡೀರಿ. ಹದಿನಾರನೇ ದಿನ ನಾನು ಬಂದು ಪರೀಕ್ಷಾ ಮಾಡ್ತೀನಿ."

ಖಂಡೆಪ್ಪ ಡಬ್ಬಿಗೆ ಮೂಗು ಇಟ್ಟ. ಕಣ್ಣಲ್ಲಿ ನೀರು ಬಂತು, ಗಂಟಲು ಕೆರೆಯಿತು. ಅವನ ಮುಖ ಅರಳಿತು.

"ಸಾಹೇಬ್ರ, ಸುಣ್ಣದ ಮಾತು ನನಗ ಹೇಳ್ಲಿಕತ್ತೀರೇನ್ರಿ? ಇದು ಭಾಳ ಹಸಿ ಅದ. ನೀವು ನಿಶ್ಚಿಂತಿ ಹೋಗ್ರಿ, ನಾ ನೋಡ್ಕೋತೀನಿ."

"ಇದು ಸುಣ್ಣ ಅಲ್ಲೋ ಖಂಡೆಪ್ಪಾ, ದವಾ."

"ಬೆಳ್ಳಗದ, ಪುಡಿ ಅದ, ಮೂಗಿಗಿ ಹೊಡೀತದ. ಮತ್ತೇನದ ಇದು?"

ಫಕೀರಸಾಬನಿಗೆ ಹೊತ್ತು ಮುಳುಗುವುದರೊಳಗೆ ಇನ್ನೂ ಎರಡು ಊರು ಮುಗಿಸಬೇಕಿತ್ತು. ನಕ್ಕು ಸೈಕಲ್ ಹತ್ತಿದ.

ಆಮೇಲೆ ಖಂಡೆಪ್ಪ ಮಾಡಿದ್ದು ಇಷ್ಟು. ಅರ್ಧ ಡಬ್ಬಿ ಪುಡಿಯನ್ನು ಹಿತ್ತಲಿನ ಸಣ್ಣ ಕಲ್ಲುತೊಟ್ಟಿಗೆ ಸುರಿದು ನೀರು ತುಂಬಿದ. ಇನ್ನರ್ಧದ ಮುಚ್ಚಳ ಬಿಗಿ ಮಾಡಿ ಅಟ್ಟದ ಮೇಲಿಟ್ಟ, ಅದರ ಸರದಿ ಬಂದಾಗ ಅದನ್ನೂ ನೆನೆಹಾಕುವುದೆಂದು. ಹಸಿ ಸುಣ್ಣವನ್ನು ಬುದ್ಧಿ ಇದ್ದವರು ಯಾರಾದರೂ ಹಾಗೇ ಬಾವಿಗೆ ಸುರಿಯುತ್ತಾರೆಯೇ? ಎಲೆಗೆ ಹಚ್ಚುವ ಚಿಟಿಕೆ ಸುಣ್ಣ ಮಾಗದಿದ್ದರೆ ನಾಲಿಗೆ ಸುಟ್ಟುಹೋಗುತ್ತದೆ, ಇದಂತೂ ಊರಿಗೆ ಊರೇ ಕುಡಿಯುವ ನೀರಿಗೆ ಬೀಳುವಂಥದ್ದು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಿದಿರಿನ ಗಳ ಹಿಡಿದು ತೊಟ್ಟಿಯನ್ನು ಶ್ರದ್ಧೆಯಿಂದ ಕಲಕಿದ. ಮೊದಲ ದಿನ ವಾಸನೆಗೆ ಹಿತ್ತಲಲ್ಲಿ ನಿಲ್ಲಲಾಗಲಿಲ್ಲ. ಅವನ ಹೆಂಡತಿ ಮರೆಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡೇ ರೊಟ್ಟಿ ಬಡಿದಳು.

"ಸಾಹೇಬ್ರು ಬಕೀಟಿನಾಗ ಕಲಸಿ ಹಾಕಂದ್ರು," ಎಂದಳು. "ನೀವು ಉಪ್ಪಿನಕಾಯಿ ಹಾಕ್ದಂಗ ಹಾಕೀರಿ."

"ನಿನಗ ರೊಟ್ಟಿ ಗೊತ್ತು, ನನಗ ಸುಣ್ಣ ಗೊತ್ತು."

ಐದನೆಯ ದಿನಕ್ಕೆ ಖಾರ ಇಳಿಯಿತು. ಹನ್ನೆರಡನೆಯ ದಿನ ತೊಟ್ಟಿಗೆ ಮೂಗು ತಾಗಿಸಿದರೂ ವಾಸನೆಯ ಸುಳಿವಿಲ್ಲ. ಬೆರಳಲ್ಲಿ ಉಜ್ಜಿದ, ಬೆಣ್ಣೆ. ಖಂಡೆಪ್ಪನಿಗೆ ಆದ ಹಿಗ್ಗು ಅಷ್ಟಿಷ್ಟಲ್ಲ. ದೊಡ್ಡಬಾವಿಯ ಕಟ್ಟೆಗೆ ಅರಿಶಿನ ಕುಂಕುಮ ಹಚ್ಚಿಸಿ, ಕಾಯಿ ಒಡೆದು, ಊರೆಲ್ಲ ನೋಡುತ್ತಿರುವಾಗ ಆ ತಿಳಿನೀರನ್ನು ಕೊಡಗಟ್ಟಲೆ ಬಾವಿಗೆ ಬಿಟ್ಟ. ಬೇರೆ ಊರಲ್ಲಿ ಸರ್ಕಾರದ ಔಷಧ ಹಾಕಿದ ನೀರು ಮೂಗು ಹಿಡಿದು ಕುಡಿಯಬೇಕಂತೆ. ಖಂಡೆಪ್ಪ ಹಾಕಿದ್ದಕ್ಕೆ ವಾಸನೆಯೇ ಇಲ್ಲ ಎಂದು ಹೆಂಗಸರು ಹೊಗಳಿದರು. ಅವತ್ತೇ ಎಲ್ಲರ ಮನೆಯಲ್ಲೂ ನೀರು ಕುದಿಸುವುದು ನಿಂತಿತು. ಕಟ್ಟಿಗೆ ಉಳಿಯಿತಲ್ಲ, ಅದೊಂದು ಬೇರೆ ಸಂತೋಷ.

ಇಷ್ಟು ಹುರುಪು ಅವನಿಗೆ ಬರೀ ಊರಿನ ಉಪಕಾರಕ್ಕೆ ಬಂದದ್ದೆಂದು ತಿಳಿಯಬೇಡಿ. ಅವನ ಒಬ್ಬಳೇ ಮಗಳು ಶಿವಕಾಂತಮ್ಮನನ್ನು ವಾಡಿಗೆ ಕೊಟ್ಟಿತ್ತು. ಮದುವೆಯಾಗಿ ಆರು ವರ್ಷ ಕಂಡ ಕಂಡ ದೇವರಿಗೆ ಹರಕೆ ಹೊತ್ತ ಮೇಲೆ ಈಗ ಏಳನೆಯ ತಿಂಗಳು. ಈ ತಿಂಗಳೊಳಗೇ ತವರಿನಲ್ಲಿ ಸೀಮಂತದ ಕುಬುಸ ಮಾಡಿ, ಹಸಿರು ಸೀರೆ ಉಡಿಸಿ, ಹೆರಿಗೆವರೆಗೆ ಇಟ್ಟುಕೊಳ್ಳಬೇಕೆಂದು ಮರೆಮ್ಮ ಕನಸು ಕಂಡಿದ್ದಳು. ಆದರೆ ಬೀಗ ಗೊಲ್ಲಾಳಪ್ಪ ವಾಡಿ ಜಂಕ್ಷನ್ನಿನ ಪಂಪ್‌ಹೌಸಿನಲ್ಲಿ ಕೆಲಸ ಮಾಡುವವನು. ಉಗಿಬಂಡಿಗಳಿಗೂ ಕ್ವಾರ್ಟರ್ಸಿನ ನಲ್ಲಿಗಳಿಗೂ ನೀರು ಏರಿಸುತ್ತ ತಲೆ ಬೆಳ್ಳಗೆ ಮಾಡಿಕೊಂಡವನು. ನೀರಿನ ವಿಷಯದಲ್ಲಿ ಅವನಿಗೂ ಯಾರೂ ಬುದ್ಧಿ ಹೇಳುವ ಹಾಗಿರಲಿಲ್ಲ.

ಹಿಂದಿನ ವಾರ ಅವನೇ ಬಂದು ಅಂಗಳದಲ್ಲಿ ನಿಂತು ಹೇಳಿದ್ದ. "ಬೀಗ್ರ, ತಪ್ಪು ತಿಳೀಬ್ಯಾಡ್ರಿ. ಆರು ವರ್ಷದ ಮ್ಯಾಲ ಬರ್ಲಿಕತ್ತ ಕೂಸು. ನಿಮ್ಮೂರ ನೀರು ಚಲೋ ಅದ ಅಂತ ದಾರೋಗಾ ಸಾಹೇಬ್ರು ನನ್ನ ಕಣ್ಣ ಮುಂದ ಪರೀಕ್ಷಾ ಮಾಡಿ ಹೇಳ್ಲಿ, ಆ ಗಳಿಗ್ಯಾಗ ನಿಮ್ಮ ಮಗಳು ನಿಮ್ಮ ಮನಿ ಒಳಗ ಇರ್ತಾಳ. ಇಲ್ಲಾಂದ್ರ ಗಾಡಿ ತಿರುಗಸ್ತೀನಿ. ಕುಬುಸಾನೂ ಬಾಣಂತನಾನೂ ವಾಡಿಯಾಗೇ ಆಗ್ತಾವ."

ಹಾಗಾಗಿ ಪರೀಕ್ಷೆಯ ದಿನ ಕೋಳಿ ಕೂಗುವ ಮೊದಲೇ ಖಂಡೆಪ್ಪನ ಮನೆಯಲ್ಲಿ ಎರಡು ಒಲೆ ಉರಿಯುತ್ತಿದ್ದವು. ಶೇಂಗಾ ಹೋಳಿಗೆ ಒಂದು ಕಡೆ, ಹುಗ್ಗಿ ಒಂದು ಕಡೆ. ಹಸಿರು ಬಳೆಯ ಮಲಾರ ಜಗಲಿಯ ಮೇಲೆ ಕಾಯುತ್ತಿತ್ತು. ಪರೀಕ್ಷೆ ಪಾಸಾಗುವುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಖಂಡೆಪ್ಪ ಮೂರು ಸಲ ಬಾವಿಗೆ ಹೋಗಿ ಬಗ್ಗಿ ನೋಡಿ ಬಂದ, ಬಾವಿ ಎಲ್ಲಿಗೋ ಎದ್ದು ಹೋಗಿಬಿಡುತ್ತದೆ ಎನ್ನುವವನ ಹಾಗೆ.

ಬಿಸಿಲು ಏರುವ ಹೊತ್ತಿಗೆ ಊರ ಹೊರಗಿನ ಬೇವಿನ ಮರದ ಕೆಳಗೆ ಒಂದು ಕಮಾನು ಗಾಡಿ ಬಂದು ನಿಂತಿತು. ಬಾವಿಕಟ್ಟೆಯಿಂದ ನೋಡಿದರೆ ಚೆನ್ನಾಗಿ ಕಾಣಿಸುತ್ತಿತ್ತು. ಎತ್ತು ಬಿಚ್ಚಲಿಲ್ಲ. ಗೊಲ್ಲಾಳಪ್ಪ ಒಬ್ಬನೇ ಇಳಿದು ಕೊಡೆ ಬಿಚ್ಚಿಕೊಂಡು ನಡೆದು ಬಂದ. ಕಮಾನಿನ ಬಾಯಿಯಲ್ಲಿ ಒಂದು ಕೈ ಪರದೆ ಸರಿಸಿ ಈ ಕಡೆ ನೋಡಿತು. ಖಂಡೆಪ್ಪನಿಗೆ ಎದೆ ತುಂಬಿ ಬಂತು. ಹನ್ನೊಂದು ತಿಂಗಳಾಗಿತ್ತು ಮಗಳ ಮುಖ ನೋಡಿ.

"ಮಗಳಿಗಿ ಬಿಸಲಾಗ ಯಾಕ ಕುಂದ್ರಿಸೀರಿ ಬೀಗ್ರ? ಒಳಗ ಕರಕೊಂಡ್ ಬರ್ರಿ."

"ಮರದ ನೆರಳು ಅದ ರೀ. ಮೊದಲ ಪರೀಕ್ಷಾ ಆಗ್ಲಿ," ಎಂದ ಗೊಲ್ಲಾಳಪ್ಪ. ಮರ್ಯಾದೆಯಿಂದಲೇ ಹೇಳಿದ, ಆದರೆ ಮಾತು ಜಗ್ಗುವಂತಿರಲಿಲ್ಲ.

ಫಕೀರಸಾಬ ಬರುವುದರೊಳಗೆ ಅರ್ಧ ಊರು ಕಟ್ಟೆಯ ಸುತ್ತ ನೆರೆದಿತ್ತು. ಅವನು ಸೈಕಲ್ಲಿನ ಹಿಂದೆ ಕಟ್ಟಿದ್ದ ಕಟ್ಟಿಗೆಯ ಪೆಟ್ಟಿಗೆಯನ್ನು ಬಿಚ್ಚಿ ಕಟ್ಟೆಯ ಮೇಲಿಟ್ಟ. ಒಳಗೆ ಆರು ಬಿಳಿ ಬಟ್ಟಲು, ಒಂದು ಕಪ್ಪು ಬಟ್ಟಲು, ಗಾಜಿನ ಕಡ್ಡಿಗಳು, ಸಣ್ಣ ಚಮಚ, ಬಿರಡೆ ಹಾಕಿದ ಒಂದು ಸೀಸೆ. ಸಂತೆಗೆ ಬಂದ ಗಾರುಡಿಗನ ಮುಂದೆ ಕುಳಿತ ಹಾಗೆ ಜನ ಕುಳಿತರು. ಎರಡು ಕೊಡ ನೀರು ಬಂತು, ಒಂದು ಔಷಧ ಕಾಣದ ಮೆಟ್ಟಿಲಬಾವಿಯದು, ಒಂದು ದೊಡ್ಡಬಾವಿಯದು. ಎರಡು ಬಿಳಿ ಬಟ್ಟಲುಗಳಲ್ಲಿ ಅವನ್ನು ತುಂಬಿದ.

"ಎಲ್ಲಾರೂ ಕೇಳ್ರಿ," ಎಂದ ಫಕೀರಸಾಬ. "ಈ ಸೀಸ್ಯಾಂದು ಮೂರು ಹನಿ ಹಾಕ್ತೀನಿ. ದವಾ ಇದ್ದ ನೀರು ನೀಲಿ ಆಗ್ತದ. ದವಾ ಇಲ್ಲದ್ದು ಇದ್ದಂಗ ಇರ್ತದ. ನೀಲಿ ಬಂದ್ರ ಹೈಜಾ, ಈ ವಾಂತಿಭೇದಿ ಬ್ಯಾನಿ, ಆ ನೀರಾಗ ಬದುಕಂಗಿಲ್ಲ."

ಮೊದಲು ಮೆಟ್ಟಿಲಬಾವಿಯ ನೀರು. ಮೂರು ಹನಿ ಬಿತ್ತು. ಗಾಜಿನ ಕಡ್ಡಿ ತಿರುಗಿತು. ನೀರು ಇದ್ದ ಹಾಗೇ ಇತ್ತು. ಅದು ದನಗಳ ನೀರಲ್ಲವೇ ಎಂದು ಜನ ತಲೆದೂಗಿದರು. ಈಗ ದೊಡ್ಡಬಾವಿಯ ಬಟ್ಟಲು. ಖಂಡೆಪ್ಪ ತಲೆಯ ಪಟಗ ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದ. ಒಂದು ಹನಿ. ಎರಡು. ಮೂರು. ಕಡ್ಡಿ ತಿರುಗಿತು. ಅವನು ಬಟ್ಟಲಿನ ಮೇಲೆ ಬಗ್ಗಿದ. ಬಂತು, ನೀಲಿ ಬಂತು, ಅಗೋ ಅಂಚಿನಲ್ಲಿ. ಅವನು ಬಾಯಿ ತೆರೆಯುವಷ್ಟರಲ್ಲಿ ಫಕೀರಸಾಬ ಅವನ ಭುಜ ಹಿಡಿದು ಹಿಂದೆ ಸರಿಸಿದ. ನೀಲಿ ಹೋಯಿತು. ಅದು ಬಟ್ಟಲಿನ ಮೇಲೆ ಬಿದ್ದ ಅವನ ಪಟಗದ ನೆರಳು.

ಇನ್ನೆರಡು ಹನಿ ಹಾಕಿದ. ಏನೂ ಇಲ್ಲ. ಎರಡೂ ಬಟ್ಟಲುಗಳನ್ನು ಜೋಡಿಸಿಟ್ಟರೆ ಯಾವುದು ಯಾವ ಬಾವಿಯದೆಂದು ತುಂಬಿದವನೇ ಹೇಳಬೇಕು.

"ದವಾ ಹಾಕೇ ಇಲ್ಲೇನೋ?"

"ಹಾಕೀನಿ ಸಾಹೇಬ್ರ. ಕಾಯಿ ಒಡೆದು ಹಾಕೀನಿ. ಊರೇ ನೋಡೇದ."

ಹೌದು ಹೌದು ಎಂದು ಹತ್ತು ಬಾಯಿ ಸಾಕ್ಷಿ ಹೇಳಿದವು. ಫಕೀರಸಾಬ ಗಡ್ಡ ಕೆರೆದುಕೊಂಡು ಜೇಬಿನಿಂದ ಪುಸ್ತಕ ತೆಗೆದ. "ಹಂಗಾದ್ರ ನಿಂದು ತಪ್ಪಿಲ್ಲ. ದವಾನೇ ಸತ್ತಿತ್ತು. ಗೋದಾಮಿನಾಗ ಭಾಳ ದಿನ ಬಿದ್ದಿತ್ತು ಕಾಣ್ತದ. ಹಂಗಂತ ಬರೀತೀನಿ. ಹೊಸ ಡಬ್ಬಿ ಬರ್ಲಿಕ್ಕ ಎಂಟು ದಿನ ಬೇಕು."

"ದವಾ ಸಾಯೂದು ಅಂದ್ರ ಹೆಂಗ್ರಿ ಸಾಹೇಬ್ರ?" ಖಂಡೆಪ್ಪ ಕೇಳಿದ.

"ಅದರ ಜೀವ ಎಲ್ಲಾ ಆ ವಾಸನ್ಯಾಗೇ ಅದ. ಮುಚ್ಚಳ ಬಿಟ್ರ, ನೀರಾಗ ಕಲಸಿ ಗಾಳಿಗಿ ಇಟ್ರ, ದಿನಾ ಒಂದೀಟು ಹಾರಿ ಹೋಗ್ತದ. ವಾಸನಿ ಹೋಯ್ತಂದ್ರ ಮುಗೀತು, ಉಳಿಯೂದು ಬರೇ ಸುಣ್ಣ."

ಖಂಡೆಪ್ಪ ಒಮ್ಮೆ ತನ್ನ ಹಿತ್ತಲಿನ ಕಡೆ ನೋಡಿದ. ದಿನಕ್ಕೆರಡು ಸಲ ಬಿದಿರಿನ ಗಳ ಹಿಡಿದು ತಾನೇ ಅದರ ಜೀವವನ್ನು ಹೊರಗೆ ಹಾರಿಸಿದ್ದ. ಅದು ಹೋಗುತ್ತಿರುವಾಗ ಹಿಗ್ಗಿದ್ದ. ಹನ್ನೆರಡು ದಿನ ಕಾದು ಕೊಂದು, ಹೆಣಕ್ಕೆ ಅರಿಶಿನ ಕುಂಕುಮ ಹಚ್ಚಿ ಬಾವಿಗೆ ಬಿಟ್ಟಿದ್ದ.

ಗೊಲ್ಲಾಳಪ್ಪ ಎದ್ದು ಶಲ್ಯ ಝಾಡಿಸಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಅದೇ ಖಂಡೆಪ್ಪನಿಗೆ ಹೆಚ್ಚು ಚುಚ್ಚಿತು. "ಎಂಟು ದಿನಕ್ಕ ಏಳನೇ ತಿಂಗಳು ಮುಗೀತದ ಬೀಗ್ರ. ನಿಮ್ಮ ತಪ್ಪೇನಿಲ್ಲ. ಮನಸ್ಸಿಗಿ ಹಚ್ಕೋಬ್ಯಾಡ್ರಿ," ಎಂದು ಹೇಳಿ ಕೊಡೆ ಬಿಚ್ಚಿ ಗಾಡಿಯ ಕಡೆ ನಡೆದ.

ಖಂಡೆಪ್ಪನಿಗೆ ಸುಮ್ಮನಿರುವುದು ಎಷ್ಟು ಸುಲಭವಿತ್ತು ನೋಡಿ. ತಪ್ಪು ಗೋದಾಮಿನದು ಎಂದು ಸರ್ಕಾರದ ಪುಸ್ತಕದಲ್ಲೇ ಏರುತ್ತಿತ್ತು. ಊರ ಮುಂದೆ ಪಟಗ ಭದ್ರ. ಅಟ್ಟದ ಮೇಲಿನ ಅರ್ಧ ಡಬ್ಬಿಯ ಮಾತು ಅವನಿಗೂ ಮರೆಮ್ಮನಿಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಬಾಯಿ ಬಿಟ್ಟರೆ ಸುಣ್ಣಗಾರ ಖಂಡೆಪ್ಪ ಸುಣ್ಣದಿಂದಲೇ ಕೆಟ್ಟ ಎಂದು ಭಟ್ಟಿ ಭಟ್ಟಿಗಳಲ್ಲಿ ನಗುತ್ತಾರೆ. ಇಂಥ ತಲೆತಿರುಕನ ಮನೆಗೆ ಬಸುರಿಯನ್ನು ಕಳಿಸುವುದುಂಟೇ ಎಂದು ಬೀಗ ಮುಂದಿನ ಹಬ್ಬಕ್ಕೂ ಕಳಿಸದೆ ಇರಬಹುದು.

ಅಷ್ಟರಲ್ಲಿ ಕಟ್ಟೆಯ ಆ ಬದಿಯಲ್ಲಿ ಗಡಗಡ ಸದ್ದಾಯಿತು. ಪಕ್ಕದ ಮನೆಯ ಇಮಾಮ್ಬೀ ಕೂಸನ್ನು ಸೊಂಟಕ್ಕೆ ಇಟ್ಟುಕೊಂಡು, ಇಲ್ಲಿ ನಡೆಯುತ್ತಿದ್ದದ್ದನ್ನು ಅರ್ಧ ಕೇಳಿ ಅರ್ಧ ಬಿಟ್ಟು, ಹಗ್ಗ ಎಳೆಯುತ್ತಿದ್ದಳು. ಕೊಡ ಮೇಲೆ ಬಂತು. ಕೂಸು ಕೈ ಚಾಚಿತು. ಅವಳು ಬೊಗಸೆಯಲ್ಲಿ ನೀರು ಹಿಡಿದು ಅದರ ಬಾಯಿಗೆ ಒಡ್ಡಿದಳು.

"ಕುಡಿಸಬ್ಯಾಡ ತಂಗಿ," ಎಂದ ಖಂಡೆಪ್ಪ. ಅವನು ಇಷ್ಟು ಜೋರಾಗಿ ಕೂಗಿದ್ದನ್ನು ಊರು ಕೇಳಿರಲಿಲ್ಲ. ಇಮಾಮ್ಬೀ ಬೆಚ್ಚಿ ನೀರು ಚೆಲ್ಲಿಕೊಂಡಳು. ಅತ್ತ ಗೊಲ್ಲಾಳಪ್ಪನ ಕೊಡೆಯೂ ನಿಂತಿತು.

"ಸಾಹೇಬ್ರ, ಪುಸ್ತಕದಾಗ ಬರೀಬ್ಯಾಡ್ರಿ. ದವಾ ಸತ್ತಿರ್ಲಿಲ್ಲ. ನಾನೇ ಕೊಂದೀನಿ."

ಆಮೇಲೆ ಒಂದನ್ನೂ ಬಿಡದೆ ಹೇಳಿದ. ಕಲ್ಲುತೊಟ್ಟಿ, ಬಿದಿರಿನ ಗಳ, ಹನ್ನೆರಡು ದಿನ, ಬೆಣ್ಣೆ. ಹೇಳುತ್ತ ಹೇಳುತ್ತ ತಲೆ ಬಗ್ಗಿತೇ ಹೊರತು ಮಾತು ನಿಲ್ಲಲಿಲ್ಲ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಆ ನಗು ಕಟ್ಟೆಯನ್ನೆಲ್ಲ ಸುತ್ತಿ ಬಂತು. ಮರೆಮ್ಮ ನಗಲಿಲ್ಲ. ಫಕೀರಸಾಬನೂ ನಗಲಿಲ್ಲ.

"ನಾಲ್ಕು ದಿನದಿಂದ ಮಂದಿ ಇದೇ ನೀರು ಹಸೀದು ಕುಡೀಲಿಕತ್ತಾರೇನು?" ಎಂದು ಕೇಳಿದ.

ನಗು ಅಲ್ಲಿಗೇ ಕಡಿದುಬಿತ್ತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರಿಗಾದರೂ ವಾಂತಿ ಇದೆಯೇ, ಭೇದಿ ಇದೆಯೇ ಎಂದು ಫಕೀರಸಾಬ ಓಣಿ ಓಣಿಯ ಹೆಸರು ಹಿಡಿದು ಕೇಳಿದ. ಯಾರಿಗೂ ಇರಲಿಲ್ಲ. "ಅಲ್ಲಾಹನ ಕರುಣಾ," ಎಂದು ಹಣೆ ಒರೆಸಿಕೊಂಡ. "ಖಂಡೆಪ್ಪಾ, ನಿನ್ನ ಆಮ್ಯಾಲ ಬೈತೀನಿ. ಉಳಿದರ್ಧ ಏನು ಮಾಡಿದಿ? ಅದನ್ನೂ ನೆನೆಹಾಕೀಯೇನು?"

"ಇಲ್ರಿ. ಅಟ್ಟದ ಮ್ಯಾಲ ಅದ. ಮುಚ್ಚಳ ನೀವು ಹೇಳ್ದಂಗ ಬಿಗಿ ಮಾಡೀನಿ."

"ನಿಂತೀಯೇನು ಮತ್ತ? ಓಡು."

ಐವತ್ತೈದು ವರ್ಷದ ಖಂಡೆಪ್ಪ ಓಡಿದ. ಧೋತರ ಎತ್ತಿಕಟ್ಟಿ, ಪಟಗ ಕೈಯಲ್ಲಿ ಹಿಡಿದು, ಬೇಲಿ ಹಾರಿ ಓಡಿದ. ಬೇವಿನ ಮರದ ಕೆಳಗಿನಿಂದ ಶಿವಕಾಂತಮ್ಮ ಇದನ್ನು ನೋಡಿದಳು. ಮಾತು ಅವಳಿಗೆ ಕೇಳಿಸಿರಲಿಲ್ಲ. ಮಾವ ತಿರುಗಿ ಬರುತ್ತಿದ್ದದ್ದು, ಅಪ್ಪ ಕೂಗಿದ್ದು, ಈಗ ಬರಿತಲೆಯಲ್ಲಿ ಓಡುತ್ತಿರುವುದು, ಇಷ್ಟೇ ಕಂಡಿತ್ತು. ಅವ್ವನಿಗೆ ಏನೋ ಆಗಿದೆ ಎಂದುಕೊಂಡು ಗಾಡಿ ಹೊಡೆಯುವವನ ಮಾತಿಗೂ ಕಾಯದೆ ಇಳಿದು, ಹೊಟ್ಟೆಗೆ ಕೈ ಆನಿಸಿಕೊಂಡು ನಡೆದೇ ಬಂದಳು. ದಾರಿಯಲ್ಲಿ ಗೊಲ್ಲಾಳಪ್ಪ ಅಡ್ಡ ಬಂದ.

"ಯಾಕ ಇಳದಿ ಮಗಳ? ಅಲ್ಲೇ ಇರು ಅಂದಿದ್ದಿಲ್ಲೇನು?"

"ನಮ್ಮಪ್ಪ ಓಡೂದು ನಾ ಒಂದಿನಾನೂ ನೋಡಿಲ್ಲ ಮಾವ," ಎಂದಳು ಅವಳು. ನಿಲ್ಲಲಿಲ್ಲ.

ಗೊಲ್ಲಾಳಪ್ಪ ಬೇರೆ ದಾರಿ ಕಾಣದೆ ಕೊಡೆಯನ್ನು ಅವಳ ತಲೆಯ ಮೇಲೆ ಹಿಡಿದು ಹಿಂದೆ ಹಿಂದೆ ಬಂದ. ಖಂಡೆಪ್ಪ ಏದುಸಿರು ಬಿಡುತ್ತ ಡಬ್ಬಿ ಹಿಡಿದು ತಿರುಗಿ ಬಂದಾಗ ಮಗಳು ಬಾವಿಕಟ್ಟೆಯ ಮೇಲೆ ಅವ್ವನ ಪಕ್ಕದಲ್ಲಿ ಕುಳಿತಿದ್ದಳು. ಅವನು ಅವಳನ್ನು ನೋಡಿದ, ಡಬ್ಬಿಯನ್ನು ಫಕೀರಸಾಬನ ಕೈಗೆ ಕೊಟ್ಟ.

"ಇನ್ನೊಂದೆರಡು ತಾಸು ಕಾಯ್ತೀನಿ," ಎಂದ ಗೊಲ್ಲಾಳಪ್ಪ. "ಆದ್ರ ಮಾತು ಅದೇ ಅದ ಬೀಗ್ರ. ನೀಲಿ ಬರ್ಲಿಲ್ಲಂದ್ರ ಗಾಡಿ ತಿರುಗ್ತದ."

ಫಕೀರಸಾಬ ಮುಚ್ಚಳ ತೆಗೆದ. ವಾಸನೆ ಭುಸ್ ಎಂದು ಎದ್ದಿತು. ಮುಂದೆ ಕುಳಿತವರು ಕೆಮ್ಮುತ್ತ ಹಿಂದೆ ಸರಿದರು. ಹದಿನಾರು ದಿನದ ಹಿಂದೆ ಅದನ್ನು ಶಪಿಸಿದ್ದ ಮರೆಮ್ಮ ಈಗ ಮೂಗು ಮುಚ್ಚಿಕೊಳ್ಳಲೇ ಇಲ್ಲ, ಕಣ್ಣೀರು ಒರೆಸಿಕೊಳ್ಳುತ್ತ ನಕ್ಕಳು. "ಜೀವಂತ ಅದ ರೀ ಸಾಹೇಬ್ರ, ಇದು ಜೀವಂತ ಅದ."

ಈಗ ಆರೂ ಬಟ್ಟಲು ಹೊರಗೆ ಬಂದವು. ಬಾವಿಗೆ ಎಷ್ಟು ಔಷಧ ಬೇಕೆಂದು ಅವೇ ಹೇಳಬೇಕು. ಕಪ್ಪು ಬಟ್ಟಲಿನಲ್ಲಿ ಒಂದು ಚಮಚ ಪುಡಿಯನ್ನು ನೀರಿನಲ್ಲಿ ಕದಡಿ, ದೊಡ್ಡಬಾವಿಯ ನೀರು ತುಂಬಿದ ಆರು ಬಿಳಿ ಬಟ್ಟಲುಗಳಿಗೆ ಅದರ ತಿಳಿಯನ್ನು ಒಂದು ಹನಿ, ಎರಡು ಹನಿ, ಮೂರು ಹನಿ ಹೀಗೆ ಏರಿಸುತ್ತ ಹಾಕಿದ. ಅರ್ಧ ತಾಸು ಯಾರೂ ಅವನ್ನು ಮುಟ್ಟಕೂಡದು. ಒಂದು ನೊಣ ಮೂರನೆಯ ಬಟ್ಟಲಿನ ಕಡೆ ಬಂದಾಗ ಐದು ಜನ ಶಲ್ಯ ಬೀಸಿದರು. ಕೊನೆಗೆ ಫಕೀರಸಾಬ ಸೀಸೆಯ ಬಿರಡೆ ತೆಗೆದ.

ಮೊದಲ ಬಟ್ಟಲು, ಏನೂ ಇಲ್ಲ. ಎರಡನೆಯದು, ಏನೂ ಇಲ್ಲ. ಮೂರನೆಯದಕ್ಕೆ ಹನಿ ಬಿದ್ದು ಕಡ್ಡಿ ತಿರುಗುವುದೇ ತಡ, ತಳದಿಂದ ನೀಲಿ ಎದ್ದಿತು. ನೆರಳಲ್ಲ, ಆಕಾಶದ ಬಿಂಬವಲ್ಲ, ನಿಜವಾದ ನೀಲಿ. ನಾಲ್ಕನೆಯದು ಇನ್ನೂ ಗಾಢ. ಐದು, ಆರು. ಜನ ಒಬ್ಬರ ಮೇಲೊಬ್ಬರು ಬಿದ್ದು ನೋಡಿದರು. ಹಿಂದಿದ್ದವರಿಗೆ ಮುಂದಿದ್ದವರು ಕೂಗಿ ಹೇಳಿದರು. ಪಂಪ್‌ಹೌಸಿನ ಗೊಲ್ಲಾಳಪ್ಪ ಕೂಡ ಕೊಡೆ ಮಡಚಿ ಬಗ್ಗಿದ. ಇಷ್ಟು ವರ್ಷ ನೀರು ಏರಿಸಿದ್ದ, ನೀರು ಹೀಗೆ ಉತ್ತರ ಹೇಳುವುದನ್ನು ಅವನೂ ಕಂಡಿರಲಿಲ್ಲ.

"ಮೂರನೇ ಬಟ್ಟಲಾ," ಎಂದು ಫಕೀರಸಾಬ ಹಗ್ಗ ಇಳಿಬಿಟ್ಟು ಬಾವಿಯ ಆಳ ಅಗಲ ಅಳೆದು, ಪುಸ್ತಕದಲ್ಲಿ ಲೆಕ್ಕ ಹಾಕಿ, ಪುಡಿ ಅಳೆದುಕೊಟ್ಟ. "ಈಗ ಕಲಸು ಖಂಡೆಪ್ಪಾ. ನಾ ಹೇಳ್ದಂಗ. ಒಂದು ಗಳಿಗಿ ಹೆಚ್ಚಿಲ್ಲ, ಒಂದು ಗಳಿಗಿ ಕಡಿಮಿಲ್ಲ."

ಖಂಡೆಪ್ಪ ಕಲಸಿದ. ಬೆರಳಲ್ಲಿ ಉಜ್ಜಿ ನೋಡುವ ಆಸೆಯಾಯಿತು, ಕೈ ಹಿಂದೆಳೆದುಕೊಂಡ. ಗಸಿ ತಳದಲ್ಲಿ ಕುಳಿತ ಮೇಲೆ ತಿಳಿಯನ್ನು ಇನ್ನೊಂದು ಬಕೀಟಿಗೆ ಬಸಿದು ಬಾವಿಗೆ ಇಳಿಬಿಟ್ಟು, ಹಗ್ಗವನ್ನು ಮೇಲೆ ಕೆಳಗೆ ಎಳೆದು ನೀರನ್ನೆಲ್ಲ ಕಲಕಿದ. ಇನ್ನು ಒಂದು ತಾಸು ಕಾಯಬೇಕು.

ಆ ತಾಸು ಖಂಡೆಪ್ಪನಿಗೆ ಕಳೆಯಲಿಲ್ಲ. ಮಗಳ ಪಕ್ಕದಲ್ಲಿ ಕುಳಿತ, ಎದ್ದ, ಮತ್ತೆ ಕುಳಿತ.

"ಊರೆಲ್ಲ ನಿನಗ ನಗ್ಲಿಕತ್ತದ ಅಂತ ಸಂಕಟ ಆಗ್ಯದೇನಪ್ಪಾ?" ಎಂದು ಶಿವಕಾಂತಮ್ಮ ಮೆಲ್ಲಗೆ ಕೇಳಿದಳು.

"ನಗ್ಲಿ ಬಿಡು. ನಗೂದು ಖರೇನೇ ಅದ." ಅವನು ಓಣಿಯ ಕಡೆ ನೋಡುತ್ತಿದ್ದ. "ನೀ ಇವತ್ತು ಬರಾಕಿ ಅಂತ ನಾ ಬರೇ ನಿಂದೇ ಧ್ಯಾನದಾಗ ಇದ್ದೆ. ನನ್ನ ಮಗಳು, ನನ್ನ ಮೊಮ್ಮಗ ಅಂತ. ಇಮಾಮ್ಬೀ ಕೂಸು ನಾಲ್ಕು ದಿನದಿಂದ ಇದೇ ನೀರು ಕುಡೀತಿತ್ತು ಶಿವೂ. ಖಂಡೆಪ್ಪ ಹಾಕ್ಯಾನ, ಚಲೋ ಅದ ಅಂತ ಕುಡಸ್ಯಾಳ ಆಕಿ." ಶಿವಕಾಂತಮ್ಮ ಅಪ್ಪನ ಸುಣ್ಣ ತಿಂದ ಒರಟು ಕೈಯನ್ನು ತನ್ನ ಕೈಯಲ್ಲಿ ಇಟ್ಟುಕೊಂಡಳು.

ತಾಸು ಮುಗಿಯಿತು. ಈ ಸಲ ಬಾವಿಯಿಂದ ಕೊಡ ಎಳೆದವನು ಗೊಲ್ಲಾಳಪ್ಪ. ಬಟ್ಟಲನ್ನು ತೊಳೆದವನೂ ಅವನೇ, ತುಂಬಿದವನೂ ಅವನೇ. ಯಾರ ನೆರಳೂ ಬೀಳದ ಹಾಗೆ ಜನರನ್ನು ನಾಲ್ಕು ಹೆಜ್ಜೆ ಹಿಂದೆ ನಿಲ್ಲಿಸಿದ. ಮೂರು ಹನಿ ಬಿದ್ದವು. ಕಡ್ಡಿ ಒಂದು ಸುತ್ತು ಬಂದಿತ್ತು ಅಷ್ಟೆ, ಬಟ್ಟಲು ನೀಲಿಯಾಯಿತು.

ಗೊಲ್ಲಾಳಪ್ಪ ಬಟ್ಟಲನ್ನು ಬೆಳಕಿಗೆ ಎತ್ತಿ ನೋಡಿದ. ಆಮೇಲೆ ಗಾಡಿಯವನಿಗೆ ಕೈ ಬೀಸಿ ಎತ್ತು ಬಿಚ್ಚಲು ಹೇಳಿದ. "ಬೀಗ್ರ," ಎಂದ, "ಮಗಳಿಗಿ ಒಳಗ ಕರ್ಕೊಂಡು ಹೋಗ್ರಿ. ಹೆರಿಗಿ ಆಗೂತನ ಇಲ್ಲೇ ಇರ್ಲಿ. ನಮ್ಮ ವಾಡಿಯಾಗ ನೀರು ಕೆಟ್ರ ಇಷ್ಟು ಮಂದಿ ಮುಂದ ನಂದು ತಪ್ಪು ಅಂತ ಹೇಳಾವ ಒಬ್ಬನೂ ಇಲ್ಲ."

ಮರೆಮ್ಮ ಆರತಿ ತರಲು ಮನೆಗೆ ಓಡಿದಳು. ಹೆಂಗಸರು ಶಿವಕಾಂತಮ್ಮನನ್ನು ಸುತ್ತುವರಿದರು. ಆದರೆ ಖಂಡೆಪ್ಪ ಮಗಳ ಕೈ ಹಿಡಿಯುವ ಬದಲು ಫಕೀರಸಾಬನ ಕಡೆ ತಿರುಗಿದ್ದ.

"ಸಾಹೇಬ್ರ, ಬಾವಿ ನೀರು ಸುದ್ದ ಆಯ್ತು. ಮನಿ ಮನ್ಯಾಗ ಹಂಡೇದಾಗ ತುಂಬಿಟ್ಟದ್ದು?"

"ಅದು ಹಳೇ ನೀರೇ. ಚೆಲ್ಲಬೇಕು."

ಜ್ಯೇಷ್ಠ ಮಾಸದಲ್ಲಿ, ಮಳೆ ಇನ್ನೂ ಮೋಡದಲ್ಲೂ ಕಾಣದಿರುವಾಗ, ತುಂಬಿದ ಹಂಡೆ ಚೆಲ್ಲು ಎಂದು ಹೆಂಗಸರಿಗೆ ಹೇಳಲು ಯಾರಿಗೆ ಧೈರ್ಯವಿದೆ? ಖಂಡೆಪ್ಪ ಬರಿತಲೆಯಲ್ಲೇ ಓಣಿಗೆ ಇಳಿದ. ಮೊದಲ ಮನೆಯ ಬಾಗಿಲಲ್ಲಿ ನಿಂತು ಡಂಗುರದವನ ಹಾಗೆ ಕೂಗಿದ. "ನಾನು ಖಂಡೆಪ್ಪ ಹೇಳ್ಲಿಕತ್ತೀನಿ. ತಪ್ಪು ನಂದು. ನಾ ಹಾಕಿದ ದವಾ ಬರೇ ಸುಣ್ಣ ಇತ್ತು. ಇದ್ದ ನೀರೆಲ್ಲಾ ಚೆಲ್ರಿ, ಹೊಸದು ತುಂಬ್ರಿ. ನಿಮ್ಮ ಕೊಡ ನಾನೇ ಎಳೆದು ಕೊಡ್ತೀನಿ." ಎರಡನೆಯ ಮನೆಯಲ್ಲಿ ಅದನ್ನೇ ಹೇಳಿದ. ಮೂರನೆಯ ಮನೆಯಲ್ಲಿ ಅದನ್ನೇ. ಒಂದು ಮಾತು ಬಿಡಲಿಲ್ಲ, ಒಂದು ಮಾತು ಸೇರಿಸಲಿಲ್ಲ.

ಇಮಾಮ್ಬೀ ಮೊದಲು ತನ್ನ ಕೊಡ ಬೋರಲು ಹಾಕಿದಳು. ಆಮೇಲೆ ಎದುರು ಮನೆ, ಆಮೇಲೆ ಅದರ ಪಕ್ಕದ್ದು. ಹಂಡೆ, ಕೊಡ, ಬಿಂದಿಗೆ, ಗಡಿಗೆ, ಒಂದೊಂದಾಗಿ ಹೊಸ್ತಿಲು ದಾಟಿ ಬಂದು ಬಾಗಿದವು. ಕಾದ ಮಣ್ಣಿನ ಮೇಲೆ ನೀರು ಬಿದ್ದು ಓಣಿಯ ತುಂಬ ಮೊದಲ ಮಳೆಯ ವಾಸನೆ ಎದ್ದಿತು. ಹಾಸುಗಲ್ಲುಗಳ ಸಂದಿಯಲ್ಲಿ ನೀರು ಹರಿಯಿತು. ಕೋಳಿಗಳು ಕಕ್ಕಾಬಿಕ್ಕಿಯಾದವು. ಆ ಒದ್ದೆ ಓಣಿಯಲ್ಲಿ ಮುಂದೆ ಖಂಡೆಪ್ಪ ತನ್ನ ತಪ್ಪನ್ನು ಕೂಗುತ್ತ ನಡೆದ, ಹಿಂದೆ ಶಿವಕಾಂತಮ್ಮ ಸೀರೆಯ ನಿರಿಗೆ ಎತ್ತಿ ಹಿಡಿದು ನಡೆದಳು, ಅವಳ ಹಿಂದೆ ಗೊಲ್ಲಾಳಪ್ಪ ಮಡಚಿದ ಕೊಡೆ ಊರಿಕೊಂಡು ನಡೆದ.

ಕೊನೆಗೆ ತನ್ನ ಮನೆಯ ಮುಂದೆ ಬಂದು ನಿಂತಾಗ ಖಂಡೆಪ್ಪನ ದನಿ ಬಿದ್ದುಹೋಗಿತ್ತು. ಅಲ್ಲೂ ಅವನು ಬಿಡದೆ ಹೇಳಿದ. "ತಪ್ಪು ನಂದು. ಇದ್ದ ನೀರು ಚೆಲ್ರಿ."

ಮರೆಮ್ಮ ಆರತಿಯ ತಟ್ಟೆಯನ್ನು ಜಗಲಿಯ ಮೇಲಿಟ್ಟು, ಒಳಗಿನಿಂದ ತುಂಬಿದ ಕೊಡವನ್ನು ಎರಡೂ ಕೈಯಲ್ಲಿ ಎತ್ತಿ ತಂದಳು. ಹೊಸ್ತಿಲ ಮುಂದೆ ನಿಂತಿದ್ದ ಮಗಳ ಪಾದದ ಮೇಲೆ, ಬೇಸಿಗೆಯಲ್ಲಿ ದೂರದಿಂದ ಬಂದವರಿಗೆ ಎರೆಯುವ ಹಾಗೆ, ಅದನ್ನು ಕೊನೆಯ ಹನಿಯವರೆಗೂ ಸುರಿದಳು.

"ಒಳಗ ಬಾ ಮಗಳ," ಎಂದಳು. "ಕುಡಿಯಾಕ ನೀರು ನಿಮ್ಮಪ್ಪ ತರ್ತಾನ."

ಖಂಡೆಪ್ಪ ಖಾಲಿ ಕೊಡವನ್ನು ಹೆಗಲಿಗೇರಿಸಿಕೊಂಡು ಬಾವಿಯ ಕಡೆ ಹೊರಟ. ಅಲ್ಲಿ ಆಗಲೇ ಓಣಿಯ ಹೆಂಗಸರೆಲ್ಲ ಬರಿಗೊಡ ಹಿಡಿದು ಅವನಿಗಾಗಿ ಸಾಲಾಗಿ ನಿಂತಿದ್ದರು.